ಕ್ಷಮಿಸತಕ್ಕವನು

ಕ್ಯಾತ್ಸಂದ್ರದ ರೈಲು ನಿಲ್ದಾಣದ ಕಡೆಯಿಂದ ಸಿದ್ಧಗಂಗೆಯ ಬೆಟ್ಟದತ್ತ ಸಂಜೆಯ ಹೊತ್ತು ಜೊತೆಯಾಗಿ ನಡೆದುಹೋಗುವ ಇಬ್ಬರು ಹಿರಿಯರ ಪರಿಚಯ ನನಗೆ ಬಹುಕಾಲದಿಂದ ಉಂಟು. ಒಬ್ಬರು ಬಾಲ್ಯದಲ್ಲಿ ಸಿದ್ಧಗಂಗಾ ಮಠದ ವಿದ್ಯಾರ್ಥಿನಿಲಯದಲ್ಲಿದ್ದು, ಅಲ್ಲಿಯ ದಾಸೋಹದ ಅನ್ನವನ್ನುಂಡು ಓದಿ, ಕನ್ನಡ ಪಂಡಿತರಾಗಿ ಬಹು ವರ್ಷ ಪಾಠ ಹೇಳಿ ನಿವೃತ್ತರಾದವರು. ಮತ್ತೊಬ್ಬರು ಗುಬ್ಬಿ ಸೀಮೆಯ ಕ್ರೈಸ್ತ ಮನೆತನದಲ್ಲಿ ಹುಟ್ಟಿ, ಹಳ್ಳಿಹಳ್ಳಿಯ ಸಭೆಗಳಲ್ಲಿ ಉಪದೇಶಿಯಾಗಿ ದುಡಿದವರು. ಮತವಿಷಯದಲ್ಲಿ ಇಬ್ಬರೂ ತಮ್ಮ ತಮ್ಮ ನಿಷ್ಠೆಯನ್ನು ಬಿಟ್ಟವರಲ್ಲ. ಬಿಡಿಸಬೇಕೆಂಬ ಹಟವೂ ಒಬ್ಬರಿಗೊಬ್ಬರ ಮೇಲೆ ಇಲ್ಲ. ಇಂಥವರ ನಡುವೆ ಮಾತ್ರ ಪಾಪ, ಕ್ಷಮೆ ಮೊದಲಾದ ಭಾರವಾದ ವಿಷಯಗಳು ಸುಲಲಿತವಾಗಿ ಚರ್ಚೆಗೆ ಬರುತ್ತವೆಂದು ನಾನು ನಂಬಿದ್ದೇನೆ. ಒಂದು ಸಂಜೆ ಅವರ ಸಂಗಡ ನಡೆದ ನಾನು ಕೇಳಿದ ಸಂವಾದವನ್ನು ನೆನಪಿಗೆ ಬಂದಷ್ಟು ಇಲ್ಲಿ ಬರೆದಿದ್ದೇನೆ.

ಪಂಡಿತರು: ನೀವು ಓದಲು ಕೊಟ್ಟ ಮಾರ್ಕನ ಸುವಾರ್ತೆಯಲ್ಲಿ ನಾನು ಎರಡನೆಯ ಅಧ್ಯಾಯವನ್ನು ದಾಟಲಾರದೆ ನಿಂತಿದ್ದೇನೆ. ಕಪೆರ್ನೌಮೆಂಬ ಊರಿನ ಮನೆಯೊಂದರಲ್ಲಿ ಯೇಸು ಉಪದೇಶ ಮಾಡುತ್ತಿರುವಾಗ, ನಾಲ್ವರು ಒಬ್ಬ ಪಾರ್ಶ್ವವಾಯು ಪೀಡಿತನನ್ನು ಹೊತ್ತುತಂದು, ಬಾಗಿಲಲ್ಲಿ ಕಿಕ್ಕಿರಿದ ಜನರ ನಡುವೆ ದಾರಿ ಕಾಣದೆ, ಮಾಳಿಗೆಯನ್ನೇ ಅಗೆದು, ಆ ಕಂಡಿಯಿಂದ ಅವನನ್ನು ಹಾಸಿಗೆಯ ಸಮೇತ ಕೆಳಗಿಳಿಸುತ್ತಾರೆ. ಇಷ್ಟು ಶ್ರಮಪಟ್ಟು ಬಂದವನಿಗೆ ಬೇಕಾದದ್ದು ಕಾಲಿನ ಬಲ. ಯೇಸು ಮೊದಲು ಕೊಟ್ಟದ್ದು ಪಾಪಕ್ಷಮೆ. ಅಲ್ಲಿ ಕುಳಿತಿದ್ದ ಶಾಸ್ತ್ರಿಗಳು, ದೇವರೊಬ್ಬನ ಹೊರತು ಪಾಪವನ್ನು ಕ್ಷಮಿಸಬಲ್ಲವರಾರು, ಇದು ದೇವದೂಷಣೆಯಲ್ಲವೇ ಎಂದು ಮನಸ್ಸಿನಲ್ಲೇ ಆಕ್ಷೇಪಿಸಿದರಷ್ಟೆ. ಅವರನ್ನು ಕಥೆಯ ದುಷ್ಟರೆಂಬಂತೆ ಓದುವುದು ನಿಮ್ಮಲ್ಲಿ ರೂಢಿಯಿರಬಹುದು. ನನಗಂತೂ ಆ ಶಾಸ್ತ್ರಿಗಳ ಪಕ್ಷವೇ ನ್ಯಾಯವಾಗಿ ಕಾಣುತ್ತದೆ.

ಉಪದೇಶಿಗಳು: ಆ ರೂಢಿಯಿರುವುದು ನಿಜ, ಅದು ತಪ್ಪೆಂಬುದೂ ನಿಜ. ಶಾಸ್ತ್ರಿಗಳ ಪೂರ್ವಪಕ್ಷವನ್ನು ಯೇಸು ಎಲ್ಲಿಯೂ ಅಲ್ಲಗಳೆಯಲಿಲ್ಲ. ಪಾಪವನ್ನು ಕ್ಷಮಿಸತಕ್ಕವನು ದೇವರೊಬ್ಬನೇ ಎಂಬ ಮಾತು ಅವರದಷ್ಟೇ ಅಲ್ಲ, ಅವರು ಕಂಠಪಾಠ ಮಾಡಿದ್ದ ಪ್ರವಾದಿಗಳ ಮಾತು. ಯೆಶಾಯನ ಗ್ರಂಥದ 43ನೆಯ ಅಧ್ಯಾಯದಲ್ಲಿ ದೇವರು, ಅಪರಾಧಗಳನ್ನು ಅಳಿಸಿಬಿಡುವವನು ತಾನೇ ಎಂದು, ಅದನ್ನು ಮಾಡುವುದು ಜನರ ಯೋಗ್ಯತೆಗಾಗಿಯಲ್ಲ, ತನ್ನ ನಿಮಿತ್ತವಾಗಿಯೇ ಎಂದು ಸಾರುತ್ತಾನೆ. ಅದೂ ಅಲ್ಲದೆ, ಆ ಕ್ಷಮೆ ದೊರೆಯುವುದಕ್ಕೆ ಮೋಶೆಯ ಧರ್ಮಶಾಸ್ತ್ರದಲ್ಲಿ ನಿಯತವಾದ ಕ್ರಮವಿತ್ತು: ಯೆರೂಸಲೇಮಿನ ಬಲಿಪೀಠ, ಯಾಜಕ, ಬಲಿ, ವರ್ಷಕ್ಕೊಮ್ಮೆ ಮಹಾಯಾಜಕನು ಗರ್ಭಗೃಹದೊಳಕ್ಕೆ ಹೋಗುವ ದೋಷಪರಿಹಾರದ ದಿನ. ಗಲಿಲಾಯದ ಒಂದು ಮಣ್ಣಿನ ಮನೆಯಲ್ಲಿ, ಬಲಿಯಿಲ್ಲದೆ, ಯಾಜಕನಿಲ್ಲದೆ, ರೋಗಿಯ ಬಾಯಿಂದ ಒಂದು ನಿವೇದನೆಯ ಮಾತೂ ಹೊರಡದೆ, ಒಬ್ಬ ಬಡಗಿ ಕುಳಿತಲ್ಲಿಂದಲೇ ನಿನ್ನ ಪಾಪ ಪರಿಹಾರವಾಯಿತೆಂದು ನುಡಿದರೆ ಶಾಸ್ತ್ರವನ್ನು ಬಲ್ಲವರು ಬೆಚ್ಚದೆ ಇರುತ್ತಾರೆಯೇ? ಬೆಚ್ಚದಿದ್ದವರೇ ಆ ಮಾತನ್ನು ಲಘುವಾಗಿ ಕೇಳಿಸಿಕೊಂಡವರು.

(ಮಾಳಿಗೆಯನ್ನು ಅಗೆದ ವಿಷಯವಾಗಿ ಒಂದು ಮಾತು. ತೊಲೆಗಳ ಮೇಲೆ ಗಳುಗಳನ್ನೂ ಸೊಪ್ಪುಸದೆಯನ್ನೂ ಹಾಸಿ, ಅದರ ಮೇಲೆ ಮಣ್ಣನ್ನು ದಮ್ಮಸು ಮಾಡಿದ ಮನೆಗಳು ಶಿರಾ, ಪಾವಗಡಗಳ ಕಡೆ ನಮ್ಮಲ್ಲೂ ಇದ್ದವು. ಅಂಥ ಮನೆಯನ್ನು ಕಂಡವರಿಗೆ ಮಾರ್ಕನ ಚಿತ್ರವು ಯಾವ ವ್ಯಾಖ್ಯಾನವೂ ಇಲ್ಲದೆ ಕಣ್ಣಿಗೆ ಕಟ್ಟುತ್ತದೆ. ಒಳಗೆ ಕುಳಿತವರ ತಲೆಯ ಮೇಲೆ ಮೊದಲು ಧೂಳು, ಆಮೇಲೆ ಹೆಂಟೆ, ಆಮೇಲೆ ಬೆಳಕು ಬಿದ್ದಿರಬೇಕು. ಅದೇ ಸಂಗತಿಯನ್ನು ಲೂಕನು ಹೇಳುವಾಗ ಹೆಂಚನ್ನು ತೆಗೆದರೆಂದು ಬರೆಯುತ್ತಾನೆ. ಅವನ ಓದುಗರು ಹೆಂಚಿನ ಮನೆಯ ಪಟ್ಟಣಿಗರಾಗಿದ್ದಿರಬೇಕು.)

ಪಂಡಿತರು: ಹಾಗಾದರೆ ಒಂದು ಸಮಾಧಾನ ಸಾಧ್ಯವಲ್ಲವೇ? ಯೇಸು ನಾನು ಕ್ಷಮಿಸಿದೆನೆಂದು ಹೇಳಿದ್ದಲ್ಲ. ನಿನ್ನ ಪಾಪಗಳಿಗೆ ಕ್ಷಮೆಯಾಗಿದೆಯೆಂದು ತಿಳಿಸಿದ್ದು. ತೀರ್ಪು ಕೊಟ್ಟವನು ನ್ಯಾಯಾಧೀಶ, ಅದನ್ನು ಓದಿ ಹೇಳಿದವನು ಶಿರಸ್ತೇದಾರ ಎಂದಿಟ್ಟುಕೊಂಡರೆ ವಿವಾದವೇ ಇಲ್ಲವಷ್ಟೆ.

ಉಪದೇಶಿಗಳು: ಕಥೆ ಅಲ್ಲಿಗೇ ಮುಗಿದಿದ್ದರೆ ನಿಮ್ಮ ಸಮಾಧಾನ ನಿಲ್ಲುತ್ತಿತ್ತು. ಪ್ರವಾದಿಯಾದ ನಾತಾನನು ಅರಸನಾದ ದಾವೀದನಿಗೆ ಹೇಳಿದ್ದು ಅಂಥ ಮಾತೇ: ಯೆಹೋವನು ನಿನ್ನ ಪಾಪವನ್ನು ತೊಲಗಿಸಿದ್ದಾನೆ, ನೀನು ಸಾಯುವುದಿಲ್ಲ ಎಂದು. ಅಲ್ಲಿ ಕ್ಷಮಿಸಿದವನು ಒಬ್ಬ, ಸುದ್ದಿ ತಂದವನು ಮತ್ತೊಬ್ಬ. ನಾತಾನನನ್ನು ಯಾರೂ ದೇವದೂಷಕನೆನ್ನಲಿಲ್ಲ. ಕಪೆರ್ನೌಮಿನಲ್ಲಿ ಯೇಸುವು ಶಾಸ್ತ್ರಿಗಳ ಅಂತರಂಗವನ್ನರಿತು, ನಾನು ಬರಿಯ ಸುದ್ದಿ ತಂದವನೆಂದು ಹೇಳಿ ಅವರನ್ನು ಸಮಾಧಾನಪಡಿಸಬಹುದಾಗಿತ್ತು. ಅದಕ್ಕೆ ಬದಲಾಗಿ, ಭೂಮಿಯ ಮೇಲೆ ಪಾಪಗಳನ್ನು ಕ್ಷಮಿಸುವ ಅಧಿಕಾರವು ಮನುಷ್ಯಕುಮಾರನಿಗೆ ಉಂಟೆಂಬುದನ್ನು ಅವರು ತಿಳಿಯಬೇಕೆಂದು ಹೇಳಿ, ರೋಗಿಗೆ ಎದ್ದು ಹಾಸಿಗೆಯನ್ನು ಹೊತ್ತು ಮನೆಗೆ ಹೋಗೆಂದು ಆಜ್ಞಾಪಿಸಿದನು. ದಾನಿಯೇಲನ ಗ್ರಂಥದ 7ನೆಯ ಅಧ್ಯಾಯದಲ್ಲಿ ಮೇಘಗಳೊಡನೆ ಬಂದು ಮಹಾವೃದ್ಧನ ಸನ್ನಿಧಿಯಲ್ಲಿ ಸಕಲ ಜನಾಂಗಗಳ ಮೇಲಿನ ಆಳಿಕೆಯನ್ನು ಪಡೆದವನು ಮನುಷ್ಯಕುಮಾರನಂತಿದ್ದವನೆಂಬುದು ಆ ಶಾಸ್ತ್ರಿಗಳಿಗೆ ತಿಳಿಯದ್ದಲ್ಲ. ಕ್ಷಮೆಯಾಯಿತೆಂದು ಹೇಳುವುದು ಸುಲಭ, ಏಕೆಂದರೆ ಆಯಿತೋ ಇಲ್ಲವೋ ನೋಡಿದವರಾರೂ ಇಲ್ಲ. ಎದ್ದು ನಡೆಯೆಂದು ಹೇಳಿದರೆ ಮರುಕ್ಷಣವೇ ಸತ್ಯ ಸುಳ್ಳು ಬಯಲಾಗುತ್ತದೆ. ಕಣ್ಣಿಗೆ ಕಾಣುವುದನ್ನು ಮಾಡಿ ತೋರಿಸಿ, ಕಾಣದ್ದಕ್ಕೆ ಅದನ್ನು ಸಾಕ್ಷಿಯಾಗಿ ನಿಲ್ಲಿಸಿದನು.

ಪಂಡಿತರು: ಅಧಿಕಾರವುಂಟೆಂದು ನಿಮ್ಮ ಗ್ರಂಥ ಹೇಳುತ್ತದೆಂಬುದನ್ನು ಒಪ್ಪಿದೆ. ನನ್ನ ಕಷ್ಟ ಇನ್ನೂ ಕೆಳಗಿದೆ. ಒಬ್ಬನು ನನ್ನ ಹೊಲದ ಬದುವನ್ನು ಒತ್ತಿಕೊಂಡನೆನ್ನಿ. ನಾನು ಅವನನ್ನು ಕ್ಷಮಿಸಬಹುದು, ಕ್ಷಮಿಸದೆ ಇರಬಹುದು; ಅದು ನನ್ನ ಹಕ್ಕು. ನಾನು ಮನೆಯಲ್ಲಿ ಕುಳಿತು ಆ ನಷ್ಟವನ್ನು ನೆನೆದು ಸಂಕಟಪಡುತ್ತಿರುವಾಗ, ದಾರಿಯಲ್ಲಿ ಹೋಗುವ ಮೂರನೆಯವನೊಬ್ಬ ಅವನ ಬೆನ್ನು ತಟ್ಟಿ, ಹೋಗಲಿ, ಕ್ಷಮೆಯಾಯಿತು ಎಂದರೆ, ಆ ಮೂರನೆಯವನು ಎಷ್ಟೇ ದೊಡ್ಡವನಾಗಲಿ, ಸಾಕ್ಷಾತ್ ದೇವರೇ ಆಗಲಿ, ನನಗಾದ ಅನ್ಯಾಯವನ್ನು ಮನ್ನಿಸಲು ಅವನಿಗೆ ಏನು ಸಂಬಂಧ? ನಿಮ್ಮ ದಾವೀದನ ಪ್ರಕರಣವೇ ಇದಕ್ಕೆ ನಿದರ್ಶನ. ಪರದಾರಾಪಹರಣ ಮಾಡಿದನು, ಅದನ್ನು ಮುಚ್ಚುವುದಕ್ಕಾಗಿ ಅವಳ ಗಂಡನಾದ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದನು, ಆ ಕೊಲೆಯ ಆಜ್ಞಾಪತ್ರವನ್ನು ಸೇನಾಪತಿಯ ಕೈಗೆ ಒಯ್ದವನು ಅದರಲ್ಲೇನಿದೆಯೆಂದು ಅರಿಯದ ಆ ಊರೀಯನೇ. ಇಷ್ಟಾದ ಮೇಲೆ ಅದೇ ದಾವೀದನ ಹೆಸರಿನಲ್ಲಿರುವ 51ನೆಯ ಕೀರ್ತನೆಯಲ್ಲಿ, ನಾನು ಪಾಪ ಮಾಡಿದ್ದು ದೇವರಾದ ನಿನಗೆ ಮಾತ್ರವೇ ಎಂಬ ಅರ್ಥದ ನಿವೇದನೆ ಇದೆ. ದೇವರಿಗೆ ಮಾತ್ರವೇ! ಮಣ್ಣಿನಡಿಯಲ್ಲಿ ಮಲಗಿದ ಊರೀಯನು ಯಾವ ಲೆಕ್ಕಕ್ಕೆ ಸೇರಿದವನು?

ಇದನ್ನು ಹೇಳುವಾಗ ಪಂಡಿತರ ಧ್ವನಿ ತುಸು ಏರಿತ್ತು. ಉಪದೇಶಿಗಳು ಕೂಡಲೇ ಉತ್ತರ ಕೊಡಲಿಲ್ಲ. ನಿಂತು, ಉತ್ತರೀಯವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ಮತ್ತೆ ನಡೆಯುತ್ತ ಮಾತನ್ನಾರಂಭಿಸಿದರು.

ಉಪದೇಶಿಗಳು: ಹೊಲದ ಬದುವಿನ ಮಾತೆತ್ತಿದಿರಿ. ನಾನು ಉಪದೇಶಿಯಾಗಿ ಸೇರಿದ ಆರಂಭದ ದಿನಗಳಲ್ಲಿ ನಮ್ಮ ಸಭೆಯ ರೈತನೊಬ್ಬ, ಪಕ್ಕದ ಹೊಲದ ವಿಧವೆಯೊಬ್ಬಳ ಬಾಂದುಕಲ್ಲನ್ನು ಒಂದು ರಾತ್ರಿ ಕಿತ್ತು ನಾಲ್ಕು ಸಾಲಿನಷ್ಟು ಒಳಕ್ಕೆ ನೆಟ್ಟಿದ್ದನು. ಹಲವು ಬೆಳೆಯ ಲಾಭವನ್ನೂ ಉಂಡನು. ಆಮೇಲೆ ಮನಸ್ಸಿಗೆ ಏನು ಚುಚ್ಚಿತೋ, ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯ ಉಪದೇಶಿಯವರ ಮುಂದೆ ಕುಳಿತು ಕಣ್ಣೀರಿಟ್ಟು, ನನಗೆ ಕ್ಷಮೆಯಾಗಿದೆಯೆಂದು ಒಂದು ಮಾತು ಹೇಳಿ, ಪ್ರಾರ್ಥನೆ ಮಾಡಿ ಎಂದು ಕೇಳಿಕೊಂಡನು. ಆ ಹಿರಿಯರು ಕಣ್ಣು ಮುಚ್ಚಲೂ ಇಲ್ಲ, ಕೈ ಜೋಡಿಸಲೂ ಇಲ್ಲ. ಮನೆಯಲ್ಲಿ ಹಾರೆ ಇದೆಯೇ ಎಂದು ಕೇಳಿದರು. ಅವನು ಹಾರೆ ತಂದ ಮೇಲೆ, ನನ್ನನ್ನೂ ಕರೆದುಕೊಂಡು, ಹಗಲು ಹೊತ್ತಿನಲ್ಲಿ, ನಾಲ್ಕು ಜನ ನೋಡುತ್ತಿರುವಂತೆ ಹೊಲಕ್ಕೆ ಹೋದರು. ಕಲ್ಲಿನ ಬುಡ ಗಟ್ಟಿಯಾಗಿ ಹೂತುಕೊಂಡಿತ್ತು. ಹಾರೆಯ ಏಟಿಗೆ ಜಲ್ಲಿ ಸಿಡಿದು ಅವನ ಮೊಳಕಾಲಿಗೆ ತಗುಲಿ ರಕ್ತ ಬಂತು. ಹಳೆಯ ಗುಳಿ ಎಲ್ಲಿತ್ತೆಂಬುದನ್ನು ಆ ವಿಧವೆಯೇ ಬಂದು ಕಾಲಿನಿಂದ ಗುರುತು ಮಾಡಿ ತೋರಿಸಿದಳು. ಕಲ್ಲು ಅಲ್ಲಿ ನಿಂತು, ಉಂಡ ಬೆಳೆಗೆ ತಕ್ಕ ರಾಗಿಯನ್ನು ಅವನು ಒಪ್ಪಿಸಿದ ಮೇಲೆ ಹಿರಿಯರು ಅಲ್ಲಿಯೇ ಮೊಳಕಾಲೂರಿ ಪ್ರಾರ್ಥಿಸಿದರು. ಇದು ಅವರ ಸ್ವಂತ ಕಲ್ಪನೆಯಲ್ಲ; ಯಾಜಕಕಾಂಡದ 6ನೆಯ ಅಧ್ಯಾಯದ ವಿಧಿ. ನೆರೆಯವನಿಗೆ ಮೋಸಮಾಡಿ ಕಸುಕೊಂಡವನು ಅಸಲನ್ನೂ ಅದರ ಐದನೆಯ ಒಂದು ಪಾಲನ್ನೂ ಸೇರಿಸಿ ಧಣಿಗೆ ಹಿಂದಕ್ಕೆ ಕೊಡತಕ್ಕದ್ದು. ಕೊಟ್ಟ ತರುವಾಯವೇ ಅವನ ಬಲಿಯನ್ನು ಯಾಜಕನು ಮುಟ್ಟತಕ್ಕದ್ದು.

ಪಂಡಿತರು: ಅದು ಮೋಶೆಯ ವಿಧಿ. ಯೇಸುವಿನಲ್ಲಿ ಇದೆಯೇ?

ಉಪದೇಶಿಗಳು: ಬೆಟ್ಟದ ಮೇಲಿನ ಉಪದೇಶದಲ್ಲಿಯೇ ಇದೆ. ಕಾಣಿಕೆಯನ್ನು ಬಲಿಪೀಠದ ಹತ್ತಿರ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗಿ, ಆಮೇಲೆ ಬಂದು ಅರ್ಪಿಸು ಎಂದು. ಇದು ಯೆಹೂದ್ಯರ ಆಚಾರ್ಯರ ಮತವೂ ಹೌದು. ಮಿಷ್ನಾ ಎಂಬ ಅವರ ಸಂಗ್ರಹದಲ್ಲಿ, ಮನುಷ್ಯನಿಗೂ ದೇವರಿಗೂ ನಡುವಣ ಅಪರಾಧಕ್ಕೆ ದೋಷಪರಿಹಾರದ ದಿನ ಸಾಕು, ಮನುಷ್ಯನಿಗೂ ಮನುಷ್ಯನಿಗೂ ನಡುವಣದ್ದಕ್ಕೆ ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಸಾಲದು ಎಂಬ ನಿರ್ಣಯವಿದೆ. ಜಕ್ಕಾಯನೆಂಬ ಸುಂಕದವನು ಯೇಸುವನ್ನು ಮನೆಗೆ ಬರಮಾಡಿಕೊಂಡು, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದಾಗಲೇ, ಈ ಮನೆಗೆ ಈಹೊತ್ತು ರಕ್ಷಣೆಯಾಯಿತೆಂಬ ಮಾತು ಯೇಸುವಿನ ಬಾಯಿಂದ ಬಂದದ್ದು.

ಪಂಡಿತರು: ಇದರಿಂದ ನನ್ನ ಪ್ರಶ್ನೆ ಅರ್ಧ ತೀರಿತು, ಅರ್ಧ ಇನ್ನೂ ತೀಕ್ಷ್ಣವಾಯಿತು. ವಿಧವೆ ಬದುಕಿದ್ದಳು, ಕಲ್ಲನ್ನು ಹಿಂದಕ್ಕೆ ನೆಡಬಹುದಾಗಿತ್ತು. ಸತ್ತ ಊರೀಯನಿಗೆ ಏನನ್ನು ಹಿಂದಕ್ಕೆ ಕೊಡುವುದು? ಅವನನ್ನು ಬಿಟ್ಟು ದೇವರು ಕ್ಷಮಿಸಿದ್ದು ಯಾವ ನ್ಯಾಯ?

ಉಪದೇಶಿಗಳು: ನನ್ನ ಉತ್ತರವನ್ನು ಸಾವಧಾನವಾಗಿ ಕೇಳಬೇಕು. ನೀವು ದೇವರನ್ನು ದಾರಿಹೋಕನಾದ ಮೂರನೆಯವನೆಂದು ಭಾವಿಸಿದಿರಿ. ನಮ್ಮ ಗ್ರಂಥದಲ್ಲಿ ದೇವರು ಯಾವ ಅನ್ಯಾಯದಲ್ಲಿಯೂ ಮೂರನೆಯವನಾಗಿ ನಿಂತಿಲ್ಲ. ಬಡವನನ್ನು ಹೀಯಾಳಿಸುವವನು ಬಡವನ ಸೃಷ್ಟಿಕರ್ತನನ್ನೇ ಹೀಯಾಳಿಸುತ್ತಾನೆಂದು ಜ್ಞಾನೋಕ್ತಿಗಳಲ್ಲಿ ಇದೆ. ಮತ್ತಾಯನ 25ನೆಯ ಅಧ್ಯಾಯದಲ್ಲಿ ಅಂತ್ಯಕಾಲದ ತೀರ್ಪಿನ ಚಿತ್ರವನ್ನು ಕೊಡುವಾಗ, ಹಸಿದವನಿಗೆ ಅನ್ನವಿಕ್ಕದೆ ಹೋದದ್ದು, ಬತ್ತಲೆಯವನಿಗೆ ಬಟ್ಟೆ ಕೊಡದೆ ಹೋದದ್ದು, ಸೆರೆಯಲ್ಲಿದ್ದವನನ್ನು ನೋಡಹೋಗದೆ ಇದ್ದದ್ದು, ಇವೆಲ್ಲ ತನಗೇ ಮಾಡಿದ್ದೆಂದು ಸಿಂಹಾಸನದ ಮೇಲೆ ಕುಳಿತ ಅರಸನು ಹೇಳುತ್ತಾನೆ. ಕೇಳಿದವರು, ನಿನ್ನನ್ನು ನಾವು ಯಾವಾಗ ಹಾಗೆ ಕಂಡೆವು ಸ್ವಾಮಿ ಎಂದು ದಿಗ್ಭ್ರಮೆಗೊಳ್ಳುತ್ತಾರೆ. ಇದರ ಅರ್ಥವೇನು? ಪ್ರತಿಯೊಂದು ಅನ್ಯಾಯದಲ್ಲಿ ನೊಂದವನ ಪಕ್ಕದಲ್ಲಿ, ಅಥವಾ ನೊಂದವನ ಒಳಗೆ, ಎರಡನೆಯ ಫಿರ್ಯಾದಿಯೊಬ್ಬ ಇದ್ದಾನೆ. ಅವನು ಫಿರ್ಯಾದಿಯಾದಕಾರಣವೇ ಕ್ಷಮಿಸುವ ಹಕ್ಕು ಅವನಿಗುಂಟು. ಬಾಂದುಕಲ್ಲನ್ನು ಕಿತ್ತ ರಾತ್ರಿ ಆ ರೈತನು ಒತ್ತಿಕೊಂಡದ್ದು ವಿಧವೆಯ ನೆಲವನ್ನು ಮಾತ್ರವಲ್ಲ. ದಾವೀದನ ಕೀರ್ತನೆಯನ್ನೂ ನಾನು ಹೀಗೆಯೇ ಓದುತ್ತೇನೆ. ಊರೀಯನಿಗೆ ಮಾಡಿದ್ದು ಪಾಪವಲ್ಲವೆಂದು ಆ ರಾಜನು ಹೇಳುವುದಿಲ್ಲ; ಊರೀಯನನ್ನು ಕೊಲ್ಲಿಸಿ, ಕೇಳುವವರು ಯಾರೂ ಇಲ್ಲವೆಂದು ನೆಮ್ಮದಿಯಾಗಿದ್ದಾಗ, ಊರೀಯನ ಸ್ಥಾನದಲ್ಲಿ ನಿಂತು ಕೇಳುವವನೊಬ್ಬನನ್ನು ನಾತಾನನ ಮುಖಾಂತರ ಕಂಡು ನಡುಗಿ ಹೇಳಿದ ಮಾತದು.

ಪಂಡಿತರು: ಈ ಮಾತಿನಲ್ಲಿ ಅಪಾಯವೂ ಉಂಟು. ದೇವರೇ ಫಿರ್ಯಾದಿಯೆಂದ ಮೇಲೆ, ಮನುಷ್ಯನಾದ ಫಿರ್ಯಾದಿಯನ್ನು ಬಿಟ್ಟು ನೇರವಾಗಿ ಮೇಲಿನವನ ಹತ್ತಿರ ರಾಜಿ ಮಾಡಿಕೊಳ್ಳುವ ಜಾಣರಿಗೆ ಬಾಗಿಲು ತೆರೆದಂತಾಗುತ್ತದೆ. ನಮ್ಮ ದೇಶದಲ್ಲಿ ಹಾಗೆ ಮಾಡಿದವರು ಬೇಕಾದಷ್ಟು ಜನ. ಕೇರಿಯವರಿಗೆ ಬಾವಿಯ ನೀರನ್ನು ನಿರಾಕರಿಸಿದವನೇ ಊರ ಗುಡಿಗೆ ಬೆಳ್ಳಿಯ ಕವಚ ಮಾಡಿಸಿದ ಉದಾಹರಣೆಯನ್ನು ನಾವಿಬ್ಬರೂ ಬಲ್ಲೆವು.

ಉಪದೇಶಿಗಳು: ನಮ್ಮ ಅಜ್ಜನಿಗೆ ಆ ನೀರನ್ನು ನಿರಾಕರಿಸಿದ್ದರು, ಆದಕಾರಣ ಈ ಮಾತನ್ನು ನಾನು ಪುಸ್ತಕದಿಂದ ಆಡುತ್ತಿಲ್ಲ. ನನ್ನ ಅರ್ಥ ನೀವು ಹೇಳಿದ್ದಕ್ಕೆ ತೀರ ವಿರುದ್ಧ. ಇಬ್ಬರೂ ಬೇರೆ ಬೇರೆ ಫಿರ್ಯಾದಿಗಳಾಗಿದ್ದರೆ ಒಬ್ಬನೊಡನೆ ರಾಜಿಯಾಗಿ ಮತ್ತೊಬ್ಬನನ್ನು ತಪ್ಪಿಸಿಕೊಳ್ಳಬಹುದು. ನೊಂದವನೊಡನೆ ತನ್ನನ್ನು ಒಂದು ಮಾಡಿಕೊಂಡ ದೇವರ ಬಳಿಗೆ ನೊಂದವನನ್ನು ಸುತ್ತಿ ಹೋಗುವ ದಾರಿಯೇ ಇಲ್ಲ. ನಮ್ಮ ಜನಕ್ಕೆ ಸುವಾರ್ತೆ ಬಂದ ಬಗೆಯನ್ನೇ ನೋಡಿ. 1837ರಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ನರು ಗುಬ್ಬಿಯಲ್ಲಿ ನೆಲೆ ಮಾಡಿದರು. ಅನಂತರ ವಿಲಿಯಂ ಆರ್ಥರರೂ ಅಲ್ಲಿ ಕನ್ನಡ ಕಲಿತು ಬೀದಿಯಲ್ಲಿ ಸಾರಿದರು. ಅವರಿಗೆ ಮೊದಲೇ ಬಳ್ಳಾರಿಯ ಜಾನ್ ಹ್ಯಾಂಡ್ಸರ ಶ್ರಮದಿಂದ ಕನ್ನಡದ ಬೈಬಲ್ ಅಚ್ಚಾಗಿತ್ತು. ಗುಬ್ಬಿ ಸೀಮೆಯ ಹಳ್ಳಿಗನೊಬ್ಬ ದಾನಿಯೇಲನೆಂಬ ಹೆಸರಿನಿಂದ ದೀಕ್ಷಾಸ್ನಾನ ಪಡೆದು ಬಾಳಿದ ಚರಿತ್ರೆಯನ್ನು ಹಾಡ್ಸನ್ನರು ಮುಪ್ಪಿನಲ್ಲಿ, 1877ರಲ್ಲಿ, ಪುಸ್ತಕವಾಗಿಯೇ ಪ್ರಕಟಿಸಿದರು. ಆ ವೆಸ್ಲಿಯನರ ಗುರುವಾದ ಜಾನ್ ವೆಸ್ಲಿಗೆ 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ, ತನ್ನ ಪಾಪಗಳನ್ನು, ತನ್ನವನ್ನೇ, ಕ್ರಿಸ್ತನು ತೆಗೆದುಹಾಕಿದನೆಂಬ ಭರವಸೆ ಹುಟ್ಟಿತು. ಆ ಭರವಸೆಯನ್ನೇ ಈ ಜನ ಸಮುದ್ರ ದಾಟಿಸಿ ತಂದರು. ನಮ್ಮ ಹಿರಿಯರು ಅದನ್ನು ಕೈಯೊಡ್ಡಿ ಸ್ವೀಕರಿಸಿದರೆಂಬುದಕ್ಕೆ ನನಗೆ ಕೃತಜ್ಞತೆಯಿದೆ. ಆದರೆ ನನ್ನ ಅಜ್ಜ ಸುವಾರ್ತೆಯಲ್ಲಿ ಮೊದಲು ಹಿಡಿದುಕೊಂಡದ್ದು ತನ್ನ ಪಾಪ ಹೋಯಿತೆಂಬುದನ್ನಲ್ಲ, ತನಗಾದ ಅನ್ಯಾಯವನ್ನು ದೇವರು ತನ್ನದೆಂದು ಎಣಿಸುತ್ತಾನೆಂಬುದನ್ನು.

ಪಂಡಿತರು ಸ್ವಲ್ಪ ದೂರ ಮಾತಿಲ್ಲದೆ ನಡೆದರು. ಇಬ್ಬರಲ್ಲಿ ಅವರೇ ಹೆಚ್ಚು ತಾರ್ಕಿಕರು. ಎದುರಿನವರ ಮಾತು ಹೃದಯಕ್ಕೆ ತಾಕಿದಾಗ ತರ್ಕದ ಬೇರೊಂದು ಮೂಲೆಯನ್ನು ಹಿಡಿಯುವುದು ಅವರ ಸ್ವಭಾವ.

ಪಂಡಿತರು: ನಮ್ಮಲ್ಲಿ ಗುರುವು ಶಿಷ್ಯನ ಮೂರು ಮಲಗಳನ್ನು ಮೂರು ದೀಕ್ಷೆಗಳಿಂದ ಕಳೆಯುತ್ತಾನೆ: ವೇಧಾದೀಕ್ಷೆಯಿಂದ ಆಣವ, ಮಂತ್ರದೀಕ್ಷೆಯಿಂದ ಮಾಯಾ, ಕ್ರಿಯಾದೀಕ್ಷೆಯಿಂದ ಕಾರ್ಮಿಕ. ಕುಣಿಗಲ್ ಸೀಮೆಯ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗೇಶ್ವರರ ಪರಂಪರೆಯಲ್ಲಿ ಇದನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಆದರೂ ಹಣೆಗೆ ಬಂದ ಪ್ರಾರಬ್ಧವನ್ನು ಉಂಡೇ ತೀರಿಸಬೇಕೆಂಬುದು ಹಿರಿಯರ ಸಾಮಾನ್ಯವಾದ ಮಾತು. ನಿಮ್ಮಲ್ಲಿ ಕ್ಷಮೆಯಾದ ಕೂಡಲೆ ಕರ್ಮಫಲವೂ ನಾಶವಾಗುತ್ತದೆಯೋ?

ಉಪದೇಶಿಗಳು: ದಾವೀದನಿಗೆ ಆಗಲಿಲ್ಲ. ನೀನು ಸಾಯುವುದಿಲ್ಲವೆಂದ ನಾತಾನನೇ, ಆ ಕೂಸು ಸಾಯುವುದೆಂದನು. ಕತ್ತಿಯು ನಿನ್ನ ಮನೆಯನ್ನು ಬಿಟ್ಟು ತೊಲಗದೆಂದನು. ಹಾಗೆಯೇ ಮಗನು ತಂಗಿಯನ್ನು ಕೆಡಿಸಿದನು, ತಮ್ಮನು ಅಣ್ಣನನ್ನು ಕೊಂದನು, ಕಡೆಗೆ ಅಬ್ಷಾಲೋಮನು ತಂದೆಯ ಮೇಲೆಯೇ ದಂಡೆತ್ತಿದನು. ಕೂಸಿನ ಸಾವನ್ನು ನಾನು ಇಂದಿಗೂ ಸಮಾಧಾನದಿಂದ ಓದಲಾರೆ; ಅದಕ್ಕೆ ಸುಲಭವಾದ ವ್ಯಾಖ್ಯಾನ ಹೇಳುವವರನ್ನು ನಾನು ನಂಬುವುದೂ ಇಲ್ಲ. ಕ್ಷಮೆಯೆಂದರೆ ನಡೆದದ್ದು ನಡೆಯಲಿಲ್ಲವೆಂದು ಮಾಡುವುದಲ್ಲ. ಮುರಿದ ಸಂಬಂಧದೊಳಕ್ಕೆ ಅಪರಾಧಿಯನ್ನು ಮತ್ತೆ ಸೇರಿಸಿಕೊಳ್ಳುವುದು ಎಂಬಷ್ಟನ್ನು ಮಾತ್ರ ಆ ಕಥೆಯಿಂದ ನಾನು ತಿಳಿದೆ.

ಪಂಡಿತರು: ಇನ್ನೊಂದು. ಯೇಸುವಿಗೆ ಅಧಿಕಾರವಿತ್ತೆನ್ನೋಣ. ಅದು ಪಾದ್ರಿಗಳ ಕೈಗೆ ಬಂದದ್ದು ಹೇಗೆ?

ಉಪದೇಶಿಗಳು: ಕಪೆರ್ನೌಮಿನ ಕಥೆಯ ಕೊನೆಯಲ್ಲಿ ಮತ್ತಾಯನು ವಿಚಿತ್ರವಾದ ಒಂದು ವಾಕ್ಯವನ್ನಿಟ್ಟಿದ್ದಾನೆ: ಇಂಥ ಅಧಿಕಾರವನ್ನು ದೇವರು ಮನುಷ್ಯರಿಗೆ ಕೊಟ್ಟನೆಂದು ಜನರು ಕೊಂಡಾಡಿದರು ಎಂದು. ಒಬ್ಬನಿಗಲ್ಲ, ಮನುಷ್ಯರಿಗೆ. ಯೋಹಾನನ 20ನೆಯ ಅಧ್ಯಾಯದಲ್ಲಿ, ಸತ್ತು ಎದ್ದ ಯೇಸು ಬಾಗಿಲು ಹಾಕಿಕೊಂಡು ಕುಳಿತ ಶಿಷ್ಯರ ಮೇಲೆ ಉಸಿರೂದಿ, ನೀವು ಯಾರ ಪಾಪಗಳನ್ನು ಕ್ಷಮಿಸುವಿರೋ ಅವರಿಗೆ ಕ್ಷಮೆಯಾಗುವುದೆಂದನು. ಇದರ ಮೇಲೆ ಕಥೋಲಿಕರೂ ನಾವೂ ಬಹಳ ಕಾಲ ಜಗಳವಾಡಿದ್ದೇವೆ. ಗುರುಗಳು ಪಾಪನಿವೇದನೆಯನ್ನು ಕೇಳಿ ಕೊಡುವ ವಿಮೋಚನೆ ಬರಿಯ ಘೋಷಣೆಯಲ್ಲ, ನ್ಯಾಯಪೀಠದ ತೀರ್ಪಿನಂಥದೆಂದು 1551ರಲ್ಲಿ ಟ್ರೆಂಟಿನ ಮಹಾಸಭೆ ಸ್ಥಾಪಿಸಿತು. 1947ರ ಸೆಪ್ಟೆಂಬರ್ 27ರಂದು ನಾವು ವೆಸ್ಲಿಯನರೂ ಇತರರೂ ಸೇರಿ ದಕ್ಷಿಣ ಇಂಡಿಯಾ ಸಭೆಯಾದೆವು. ನಮ್ಮಲ್ಲಿ ಎಲ್ಲರೂ ಒಟ್ಟಾಗಿ ಪಾಪವನ್ನೊಪ್ಪಿಕೊಂಡ ಮೇಲೆ ಸಭಾಪಾಲಕರು ಕ್ಷಮೆಯ ವಾಕ್ಯಗಳನ್ನು ಸಾರುತ್ತಾರೆ. ಈ ವ್ಯತ್ಯಾಸ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಕಥೋಲಿಕ ಗುರುಗಳೂ ಕದ್ದ ಹಣವನ್ನು ಹಿಂದಕ್ಕೆ ಕೊಡೆಂದು ವಿಧಿಸುತ್ತಾರೆ, ನಮ್ಮ ಹಿರಿಯರೂ ಹಾರೆಯನ್ನು ತರಿಸಿದರು. ಅಧಿಕಾರವನ್ನು ಪಡೆದವನಿಗೆ ಅದನ್ನು ಸುಲಭ ಬೆಲೆಗೆ ಕೊಡುವ ಅಧಿಕಾರವಿಲ್ಲ.

ಪಂಡಿತರು: ಕೊಡದೆ ಇಟ್ಟುಕೊಳ್ಳುವ ಅಧಿಕಾರ?

ಉಪದೇಶಿಗಳು: ಅದೂ ಇಲ್ಲ; ಅದನ್ನು ಯೇಸುವೇ ಒಂದು ಲೆಕ್ಕ ಹಾಕಿ ತೋರಿಸಿದ್ದಾನೆ. ಒಬ್ಬ ಸೇವಕನು ಅರಸನಿಗೆ 10,000 ತಲಾಂತು ಸಾಲಗಾರ. ಒಂದು ತಲಾಂತಿಗೆ 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯ ಒಂದು ದಿನದ ಸಂಬಳ. ಅಂದರೆ 6 ಕೋಟಿ ದಿನಗಳ ಕೂಲಿ. ವರ್ಷಕ್ಕೆ 300 ದಿನ ದುಡಿದರೆ 2 ಲಕ್ಷ ವರ್ಷದ ದುಡಿಮೆ. ಅರಸನು ಅದನ್ನು ಬಿಟ್ಟುಕೊಟ್ಟನು. ಹೊರಗೆ ಬಂದವನೇ ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯ ಸೇವಕನ ಕುತ್ತಿಗೆ ಹಿಡಿದು ಸೆರೆಗೆ ಹಾಕಿಸಿದನು. ಅರಸನಿಗೆ ಸುದ್ದಿ ಮುಟ್ಟಿದಾಗ ಬಿಟ್ಟ ಸಾಲವನ್ನು ಮತ್ತೆ ಅವನ ತಲೆಗೆ ಕಟ್ಟಿದನು. ಕೊಟ್ಟ ಕ್ಷಮೆಯನ್ನು ಹಿಂತೆಗೆದುಕೊಂಡ ಕಥೆ, ನನಗೆ ತಿಳಿದಮಟ್ಟಿಗೆ, ಸುವಾರ್ತೆಗಳಲ್ಲಿ ಇದೊಂದೇ.

ಪಂಡಿತರು: 100 ದಿನದ ಕೂಲಿಯೂ ಬಡವನಿಗೆ ಸಣ್ಣದಲ್ಲ.

ಉಪದೇಶಿಗಳು: ಸಣ್ಣದೆಂದು ಯೇಸು ಹೇಳಲಿಲ್ಲ. ನಮ್ಮ ಅಜ್ಜನಿಗಾದದ್ದು ಸಣ್ಣದೆಂದು ನಾನೂ ಹೇಳುವುದಿಲ್ಲ. ಕ್ಷಮಿಸು ಎಂದು ನೊಂದವನ ಕತ್ತಿನ ಮೇಲೆ ಕುಳಿತು ಬಲವಂತ ಮಾಡುವ ಉಪದೇಶಿಗಳನ್ನು ನಾನು ಕಂಡಿದ್ದೇನೆ. ಅವರು ಅರಸನ ಸ್ಥಾನದಲ್ಲಿ ತಮ್ಮನ್ನು ಕೂರಿಸಿಕೊಂಡವರು. ಶಿಲುಬೆಯ ಮೇಲಿನ ಸಂಗತಿಯನ್ನು ನೋಡಿ. ಕಪೆರ್ನೌಮಿನಲ್ಲಿ ಅಧಿಕಾರವಾಣಿಯಿಂದ ಕ್ಷಮೆಯನ್ನು ನುಡಿದವನು, ತನ್ನ ಕೈಕಾಲಿಗೆ ಮೊಳೆ ಹೊಡೆಯುತ್ತಿರುವವರನ್ನು ಕುರಿತು ನಾನು ನಿಮ್ಮನ್ನು ಕ್ಷಮಿಸಿದೆನೆಂದು ನುಡಿಯಲಿಲ್ಲ. ತಂದೆಯೇ, ಇವರನ್ನು ಕ್ಷಮಿಸು ಎಂದು ಪ್ರಾರ್ಥಿಸಿದನು. ಲೂಕನ ಆ ವಾಕ್ಯವು ಅತಿ ಪುರಾತನವಾದ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲವೆಂದು ವಿದ್ವಾಂಸರು ಹೇಳುತ್ತಾರೆ; ಇದ್ದರೂ ಇಲ್ಲದಿದ್ದರೂ ಸಭೆಯು ಅದನ್ನು ಬಿಟ್ಟುಕೊಟ್ಟಿಲ್ಲ. ಏಕೆ ಹಾಗೆ ಪ್ರಾರ್ಥಿಸಿದನೆಂಬುದಕ್ಕೆ ನನ್ನ ಮನಸ್ಸಿಗೆ ತೋರುವ ಕಾರಣವಿಷ್ಟು: ಅಲ್ಲಿ ಅವನು ಸಿಂಹಾಸನದ ಮೇಲಿರಲಿಲ್ಲ, ಊರೀಯನ ಸ್ಥಾನದಲ್ಲಿದ್ದನು. ನೊಂದವನಿಗೆ ಕೆಲವೊಮ್ಮೆ ಕ್ಷಮಿಸುವಷ್ಟು ಉಸಿರು ಉಳಿದಿರುವುದಿಲ್ಲ. ಅದನ್ನು ತಂದೆಗೆ ಒಪ್ಪಿಸುವಷ್ಟು ಮಾತ್ರ ಉಳಿದಿರುತ್ತದೆ.

ಪಂಡಿತರು: ಇದನ್ನು ನಾನು ಒಪ್ಪುತ್ತೇನೆ, ಒಪ್ಪುವುದಕ್ಕೆ ನಾನು ನಿಮ್ಮ ಮತಕ್ಕೆ ಸೇರಬೇಕಾಗಿಲ್ಲವೆಂಬುದೂ ಸಂತೋಷದ ಸಂಗತಿ. ಆದರೂ ನನ್ನ ಊರೀಯನನ್ನು ನಾನು ಬಿಡುವುದಿಲ್ಲ. ದಾವೀದನಿಗೆ ಕ್ಷಮೆಯಾಯಿತು, ರಾಜ್ಯ ಉಳಿಯಿತು, ಅದೇ ಸ್ತ್ರೀಯಲ್ಲಿ ಸೊಲೊಮೋನನು ಹುಟ್ಟಿ ದೇವಾಲಯವನ್ನು ಕಟ್ಟಿದನು. ಪಾಪ ಮಾಡಿದವನ ವಂಶ ಬೆಳಗಿತು. ಮೋಸಹೋದವನು ಮಾತ್ರ ನಿಮ್ಮ ಪುಸ್ತಕದಲ್ಲಿ ಎರಡು ಅಧ್ಯಾಯದ ಮಟ್ಟಿಗೆ ಬಂದು ಸತ್ತುಹೋದನು.

ಉಪದೇಶಿಗಳು: ಎರಡು ಅಧ್ಯಾಯದ ಮಟ್ಟಿಗೆ ಅಲ್ಲ. ದಾವೀದನ ಪರಾಕ್ರಮಶಾಲಿಗಳ ಪಟ್ಟಿ ಸಮುವೇಲನ ಎರಡನೆಯ ಗ್ರಂಥದ 23ನೆಯ ಅಧ್ಯಾಯದಲ್ಲಿದೆ; ಅದರ ಕಟ್ಟಕಡೆಯ ಹೆಸರು ಹಿತ್ತಿಯನಾದ ಊರೀಯ. ಇನ್ನು ಹೊಸ ಒಡಂಬಡಿಕೆಯ ಮೊದಲನೆಯ ಪುಟವನ್ನು ತೆಗೆಯಿರಿ. ಮತ್ತಾಯನು ಯೇಸು ಕ್ರಿಸ್ತನ ವಂಶಾವಳಿಯನ್ನು ಬರೆಯುತ್ತ ಬಂದು, ತಾಮಾರಳನ್ನು ಹೆಸರಿಡಿದು ಬರೆದಿದ್ದಾನೆ, ರಾಹಾಬಳನ್ನು, ರೂತಳನ್ನು ಹೆಸರಿಡಿದು ಬರೆದಿದ್ದಾನೆ. ಸೊಲೊಮೋನನ ತಾಯಿಯ ಹತ್ತಿರಕ್ಕೆ ಬಂದಾಗ ಬತ್ಷೆಬೆಯೆಂದು ಬರೆಯಲಿಲ್ಲ, ದಾವೀದನ ಹೆಂಡತಿಯೆಂದೂ ಬರೆಯಲಿಲ್ಲ. ಊರೀಯನ ಹೆಂಡತಿಯೆಂದು ಬರೆದನು. ಊರೀಯನು ಸತ್ತು ಸಾವಿರ ವರ್ಷವಾಗಿತ್ತು, ಅವಳು ರಾಜಮಾತೆಯಾಗಿದ್ದಳು, ಪಾಪಕ್ಕೆ ಕ್ಷಮೆಯಾಗಿತ್ತು. ಆದರೂ ಪಾಪಗಳನ್ನು ಕ್ಷಮಿಸುವ ಅಧಿಕಾರವುಳ್ಳವನ ವಂಶಾವಳಿಯಲ್ಲಿ, ಅವನ ರಕ್ತಸಂಬಂಧಿಯೇ ಅಲ್ಲದ ಆ ಪರದೇಶಿಯ ಹೆಸರನ್ನು ಸೇರಿಸಿ, ಅವನಿಗೆ ಸಲ್ಲತಕ್ಕದ್ದು ಅವನಿಗೆ ಸಲ್ಲತಕ್ಕದ್ದಾಗಿಯೇ ಉಳಿದಿದೆಯೆಂದು ಬರೆದಿಟ್ಟನು. ಗುಬ್ಬಿಯ ನಮ್ಮ ಜನ ಆ ವಂಶಾವಳಿಯನ್ನು ಓದುವುದಕ್ಕೆ ಬೇಸರಪಟ್ಟು ಪುಟ ತಿರುವಿದಾಗಲೆಲ್ಲ ನಾನು ಅವರನ್ನು ಹಿಂದಕ್ಕೆ ಕರೆದು ಆ ಸಾಲಿನಲ್ಲಿ ನಿಲ್ಲಿಸುತ್ತಿದ್ದೆ.

ಪಂಡಿತರು: ಹಾಗಾದರೆ ಮಾರ್ಕನನ್ನು ಸದ್ಯಕ್ಕೆ ಬದಿಗಿಟ್ಟು ಮತ್ತಾಯನನ್ನೇ ಕೊಡಿ, ಆ ವಂಶಾವಳಿಯಿಂದಲೇ ಓದುತ್ತೇನೆ.